ಯಂಕೋಬನ ರೊಟ್ಟಿ, ಮಾಸ್ತರರ ಕೊಸರು

ರಾಯಚೂರಿನ ನಮ್ಮ ಓಣಿಗೆ ಬೆಳಗಾಗುವುದು ಮಾನಮ್ಮ ರೊಟ್ಟಿ ಬಡಿಯುವ ಸಪ್ಪಳಕ್ಕೆ. ಇಪ್ಪತ್ತು ವರ್ಷದಿಂದ ಓಣಿಗೆಲ್ಲ ಜೋಳದ ರೊಟ್ಟಿ ಮಾರಿದವಳ ಮನೆಯಲ್ಲಿ ಎರಡು ಹೊತ್ತೂ ರೇಶನ್ ಅಕ್ಕಿಯ ಅನ್ನ. ಜೋಳದ ದರ ಏರಿದ ಮೇಲೆ ರೊಟ್ಟಿ ಮಾರುವ ವಸ್ತುವಾಯಿತು, ತಿನ್ನುವ ವಸ್ತುವಾಗಿ ಉಳಿಯಲಿಲ್ಲ.

ಗಂಡ ಯಂಕೋಬ ಕಾಳಿನ ಮಾರುಕಟ್ಟೆ ಗಂಜಿನಲ್ಲಿ ಹಮಾಲಿ ಮಾಡಿದವನು. ಸಕ್ಕರೆ ಕಾಯಿಲೆ ಬಂದು, ಕಾಲಿನ ಗಾಯ ಮಾಯದೆ ಮನೆ ಹಿಡಿದಿದ್ದ. "ಅನ್ನ ಬಿಡಿಸ್ರಿ, ರೊಟ್ಟಿ ಕೊಡ್ರಿ" ಎಂದರು ಡಾಕ್ಟರು. ಹೇಳುವುದಕ್ಕೆ ದರವಿಲ್ಲ.

ದೇವದುರ್ಗದ ತವರಲ್ಲಿ ಜೋಳ ಒಂದಿಷ್ಟು ಅಗ್ಗ. ಮಾನಮ್ಮ ಫ್ರೀ ಬಸ್ಸಿನಲ್ಲಿ ಹೋಗಿ ಚೀಲ ತರುತ್ತಿದ್ದಳು.

"ಯವ್ವಾ, ನೀನು ಫ್ರೀ. ಚೀಲಕ್ಕ ಟಿಕೆಟ್ ಅದ" ಎಂದ ಕಂಡಕ್ಟರ್.

"ತಡಿಯಪ್ಪಾ, ಚೀಲಕ್ಕೂ ಒಂದು ಸೀರಿ ಉಡಸ್ತೀನಿ."

ಬಸ್ಸೆಲ್ಲ ನಕ್ಕಿತು. ಕಂಡಕ್ಟರನೂ ನಕ್ಕ. ನಗುತ್ತಲೇ ಟಿಕೆಟ್ ಹರಿದ.

ಗೃಹಲಕ್ಷ್ಮಿ ದುಡ್ಡು ಗುಳಿಗೆಗೆ, ಸಿಲಿಂಡರಿಗೆ ಮುಗಿಯುತ್ತಿತ್ತು. ಇಷ್ಟೆಲ್ಲ ಹೆಣಗಿ ಆಕೆ ದಿನಕ್ಕೊಂದು ರೊಟ್ಟಿ ಯಂಕೋಬನಿಗೆಂದು ತೆಗೆದಿಡುತ್ತಿದ್ದಳು.

ಆ ರೊಟ್ಟಿಗೆ ಕೊಸರು ಶತ್ರುವಾಯಿತು. ನಮ್ಮ ಕಡೆ ಹತ್ತು ಕೊಂಡವರು ಮೇಲೊಂದು ಪುಕ್ಕಟೆ ಕೇಳದಿದ್ದರೆ ವ್ಯಾಪಾರ ತಿಳಿಯದವರು. ನಾವೆಲ್ಲ ನಾಚುತ್ತ ಕೇಳುತ್ತಿದ್ದೆವು. ಮಾನ್ವಿಯಲ್ಲಿ ನಿವೃತ್ತರಾಗಿ ಬಂದ ಚನ್ನವೀರ ಮಾಸ್ತರರು ನಾಚದೆ ಕೇಳುತ್ತಿದ್ದರು. ಅವರಿಗೂ ಸಕ್ಕರೆ. ಎಲ್ಲರಿಗಿಂತ ಕೊನೆಗೆ ಬಂದು ಹತ್ತು ರೊಟ್ಟಿ ಕೊಂಡು, ಭಾಷಣವನ್ನು ತಾವೇ ಪುಕ್ಕಟೆ ಕೊಡುವರು.

"ಅಕ್ಕಿ ಫ್ರೀ, ಬಸ್ ಫ್ರೀ. ಸರ್ಕಾರ ನಿಮ್ಮನ್ನ ಕೆಡಸಾಕತ್ತದ ಮಾನಮ್ಮ. ಪುಕ್ಕಟೆ ತಿಂದವರು ಉದ್ಧಾರ ಆಗಂಗಿಲ್ಲ. ಎಲ್ಲಿ, ಕೊಸರು ಹಾಕು."

"ಇದೊಂದು ಬಿಡ್ರೀ ಮಾಸ್ತರ್ರೀ. ನಮ್ಮ ಮನಿಯವರದು."

"ಹಂಗಾದ್ರ ನಾಳಿಂದ ಮಹಬೂಬೀ ಹತ್ರ ಹೋಗ್ಲೇನು? ಆಕಿ ಕೇಳದೇನ ಕೊಡ್ತಾಳ."

ಮಹಬೂಬೀ ಪಕ್ಕದ ಓಣಿಯ ರೊಟ್ಟಿಯವಳು. ಒಳಗಿಂದ ಯಂಕೋಬ ಕೂಗಿದ: "ಕೊಟ್ಟು ಕಳಸು. ಮಾಸ್ತರು ಬಾಳ ದಿನ ಬದುಕಬೇಕು. ಇಲ್ಲಂದ್ರ ನಮಗ ಬುದ್ಧಿ ಹೇಳೋರು ಯಾರು?"

ಆ ದಿನವೂ ಅವನು ಅನ್ನವನ್ನೇ ಉಂಡ. ಎಷ್ಟೋ ದಿನ ಹಾಗೇ ಉಂಡ.

ಮಳೆಗಾಲದಲ್ಲಿ ಬೆರಳು ಕಪ್ಪಾಯಿತು, ಆಮೇಲೆ ಪಾದ. ದವಾಖಾನೆಗೆ ಹೋದ ಯಂಕೋಬ ಜೀವಂತ ಮರಳಲಿಲ್ಲ. ದಿನಕ್ಕೊಂದು ರೊಟ್ಟಿಯಿಂದ ಅವನು ಉಳಿಯುತ್ತಿದ್ದನೆಂದು ಯಾವ ಡಾಕ್ಟರೂ ಹೇಳಲಾರ. ಉಳಿಯುತ್ತಿರಲಿಲ್ಲವೆಂದು ಮಾನಮ್ಮನಿಗೆ ಹೇಳುವ ಧೈರ್ಯ ನಮಗೂ ಬರಲಿಲ್ಲ. ಅವನ ಹೆಸರಿನ ಅಕ್ಕಿ ಮಾತ್ರ ಮುಂದಿನ ತಿಂಗಳೂ ಬಂತು.

ಹದಿನೈದು ದಿನ ಓಣಿಗೆ ಬೆಳಗಾಗಲಿಲ್ಲ. ಮತ್ತೆ ಸಪ್ಪಳ ಕೇಳಿದ ದಿನ ಮಾಸ್ತರರು ಬಂದರು. ಭಾಷಣವಿಲ್ಲ. ಹತ್ತು ರೊಟ್ಟಿ ಕಟ್ಟಿಸಿಕೊಂಡು ತಲೆ ತಗ್ಗಿಸಿ ಹೊರಟರು.

"ಮಾಸ್ತರ್ರೀ, ನಿಲ್ರಿ. ಕೊಸರು ಮರತ್ರಿ." ಮಾನಮ್ಮ ಇನ್ನೊಂದು ರೊಟ್ಟಿ ತಂದು ಮೇಲಿಟ್ಟಳು.

"ಬ್ಯಾಡ ಮಾನಮ್ಮ. ಬ್ಯಾಡ."

"ತಗೊಳ್ರಿ. ಈಗ ದಿನಾ ಒಂದು ಉಳಿಯಾಕತ್ತದ."