ಹದಿನೆಂಟು ನಂಬರಿನ ಕುರ್ಚಿ

ಹೋದ ವಾರ ರಾಯಚೂರಿನಿಂದ ಪೋತ್ನಾಳದ ಬಸ್ಸು ಹತ್ತಿದ್ದೆ. ಮುಂದಿನ ಸೀಟಿನ ಹುಡುಗಿ ಉಗುರು ಬಣ್ಣದ ಶೀಶೆ ತೆಗೆದಳು. ಬಸ್ಸು ಕುಲುಕುತ್ತಿದ್ದರೂ ಹಟ ಹಿಡಿದು ಹಚ್ಚಿಕೊಳ್ಳುತ್ತಿದ್ದಳು. ವಾಸನೆ ಮೂಗಿಗೆ ಬಂತು. ನಾಲ್ಕು ವರ್ಷದ ಹಿಂದೆ ದಿನಕ್ಕೆ ಒಂಬತ್ತು ತಾಸು ಅದೇ ವಾಸನೆಯಲ್ಲಿ ಕೂರುತ್ತಿದ್ದೆ. ನನ್ನ ಬಲಗಡೆ ಹೂವಿನತ್ತೆ ಕೂರುತ್ತಿದ್ದಳು. ಮಾನ್ವಿ ಬರುವವರೆಗೂ ಬೇರೆ ಏನೂ ತಲೆಗೆ ಬರಲಿಲ್ಲ...

ನಮ್ಮ ಕೆಲಸ ಏನೆಂದು ಹೇಳಿದರೆ ಜನ ನಗುತ್ತಾರೆ. ಹುಳ ಕಟ್ಟುವುದು. ಪರದೇಶದಲ್ಲಿ ಶೋಕಿಗೆ ಮೀನು ಹಿಡಿಯುವವರಿದ್ದಾರೆ. ಅವರಿಗೆ ಎರೆಹುಳ ಆಗುವುದಿಲ್ಲ. ಸಣ್ಣ ಗಾಳದ ಮೇಲೆ ಹುಂಜದ ಕುತ್ತಿಗೆಯ ಪುಕ್ಕ, ಮೊಲದ ಕೂದಲು, ನೂಲು ಸುತ್ತಿ ನೊಣದ ಹಾಗೆ, ಸೊಳ್ಳೆಯ ಹಾಗೆ ಮಾಡಿ ಕೊಡಬೇಕು. ರಾಯಚೂರಿನ ಒಂದು ಹಳೆಯ ಹತ್ತಿ ಗೋದಾಮಿನ ಮಹಡಿಯಲ್ಲಿ ಹದಿನಾರು ಜನ ಇದನ್ನೇ ಮಾಡುತ್ತಿದ್ದೆವು. ಮೇಜಿನ ಅಂಚಿಗೆ ತಿರುಪು ಬಿಗಿಯುವ ಒಂದು ಪುಟ್ಟ ವೈಸ್, ಅದರ ಬಾಯಲ್ಲಿ ಗಾಳ. ಕೈಯಲ್ಲಿ ಬಾಬಿನ್. ಅದರ ತುದಿಗೆ ಸೂಜಿಯಷ್ಟು ಸಣ್ಣ ಕೊಳವೆ, ನೂಲು ಅದರೊಳಗಿಂದ ಬರಬೇಕು. ಸುತ್ತಿ ಮುಗಿದ ಮೇಲೆ ಒಂದು ತಂತಿಯ ಕೊಂಡಿಯಿಂದ ಗಂಟು ಹಾಕಿ, ಗಂಟಿನ ಮೇಲೆ ಒಂದು ಹನಿ ಉಗುರು ಬಣ್ಣ ಇಟ್ಟರೆ ಒಂದು ಹುಳ ಆಯಿತು.

ಗಾಳದ ನಂಬರು ಹೆಚ್ಚಾದಷ್ಟೂ ಗಾಳ ಸಣ್ಣದಾಗುತ್ತದೆ. ನಾನು ಹತ್ತು ನಂಬರು ಕಟ್ಟುತ್ತಿದ್ದೆ. ಹದಿನೆಂಟು ನಂಬರು ಅಂದರೆ ಅಕ್ಕಿಕಾಳಿನಷ್ಟು. ಅದನ್ನು ಕಟ್ಟುವವರು ಇಬ್ಬರೇ ಇದ್ದರು, ಹೂವಿನತ್ತೆ ಮತ್ತು ಅರಕೇರಾದ ಒಬ್ಬ ಹೆಂಗಸು. ಅವರ ಕುರ್ಚಿಗಳು ಬೆಳಕು ಬೀಳುವ ಕಿಟಕಿಯ ಪಕ್ಕ. ಆ ಕುರ್ಚಿಗೆ ಕೂಲಿಯೂ ಹೆಚ್ಚು, ಮರ್ಯಾದೆಯೂ ಹೆಚ್ಚು.

ಆ ಕೋಣೆಯಲ್ಲಿ ಫ್ಯಾನ್ ಹಾಕುವಂತಿರಲಿಲ್ಲ. ಹಾಕಿದರೆ ಪುಕ್ಕ ಹಾರುತ್ತದೆ. ಕಿಟಕಿ ತೆಗೆಯುವಂತೆಯೂ ಇರಲಿಲ್ಲ. ರಾಯಚೂರಿನ ಬೇಸಿಗೆ, ತಲೆಯ ಮೇಲೆ ನಾಲ್ಕು ಫ್ಯಾನು, ನಾಲ್ಕೂ ನಿಂತಿರುತ್ತಿದ್ದವು. ಊಟದ ಹೊತ್ತಿಗೆ ಪುಕ್ಕವೆಲ್ಲ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದ ಮೇಲೆ ಅರ್ಧ ತಾಸು ತಿರುಗುತ್ತಿದ್ದವು. ನಾನು ಎಷ್ಟೋ ದಿನ ಊಟ ಬಿಟ್ಟು ಫ್ಯಾನಿನ ಕೆಳಗೆ ಅಂಗಾತ ಮಲಗಿದ್ದೇನೆ.

ಹೂವಿನತ್ತೆ ದೇವದುರ್ಗದವಳು. ಮೊದಲು ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಮಲ್ಲಿಗೆ ಕಟ್ಟಿ ಮಾರುತ್ತಿದ್ದಳಂತೆ. ಅದಕ್ಕೇ ಆ ಹೆಸರು. ದಿನಾ ಮೊದಲ ಬಸ್ಸಿಗೆ ಬರುತ್ತಿದ್ದಳು. ನಾನು ಎಂಟನೇ ಇಯತ್ತೆ ಫೇಲಾಗಿ ಅಲ್ಲಿ ಇಲ್ಲಿ ತಿರುಗಿ ಇಲ್ಲಿಗೆ ಬಂದವನು. ಆಕೆ ಒಂದು ದಿನವೂ ನನ್ನ ಹೆಸರು ಹಿಡಿದು ಕರೆಯಲಿಲ್ಲ, ಊರಿನ ಹೆಸರಿಂದಲೇ ಕರೆದಳು.

"ಏ ಪೋತ್ನಾಳ, ನೂಲು ಹಂಗ ಜಗ್ಗಬ್ಯಾಡಲೇ. ಅದೇನು ಎತ್ತಿನ ಹಗ್ಗ ಅದ ಏನು?"

"ಈ ಮೀನಿಗೆ ಏನಿಷ್ಟು ಸೊಕ್ಕು ಅತ್ತಿ? ಎರೆಹುಳ ಹಾಕಿದ್ರ ತಿನ್ನಂಗಿಲ್ಲೇನು?"

"ತಿಂತಾವೋ ಬಿಡ್ತಾವೋ. ಅವರು ಹಿಡದು, ಫೋಟೋ ಹೊಡಕೊಂಡು, ಮತ್ತ ನೀರಿಗೇ ಬಿಡ್ತಾರಂತ."

"ಮತ್ತ ಹಿಡಿಯೋದ್ಯಾಕ?"

"ಅವರ ಕೈಯಾಗ ಬಿಡಾಕ ಅದ, ಬಿಡ್ತಾರ. ನೀ ಕಟ್ಟು."

ನಾನು ಎಂದೂ ಆ ಹುಳ ನೀರಿಗೆ ಬಿದ್ದಿದ್ದು ನೋಡಿಲ್ಲ. ಆಕೆಯೂ ನೋಡಿರಲಿಲ್ಲ. ಆದರೂ ಆಕೆ ಕಟ್ಟಿದ್ದನ್ನು ಅಂಗೈ ಮೇಲೆ ಇಟ್ಟುಕೊಂಡರೆ ಈಗ ಹಾರೀತು ಅನ್ನಿಸುತ್ತಿತ್ತು. ಊಟದ ಹೊತ್ತಲ್ಲಿ ತನ್ನ ಮುರಿದ ಗಾಳಗಳನ್ನು ಕೊಟ್ಟು ನನಗೂ ಹದಿನೆಂಟು ಕಟ್ಟಲು ಕಲಿಸಿದಳು. ಯಾಕೆ ಕಲಿಸುತ್ತಿದ್ದಾಳೆ ಎಂದು ಆಗ ಯೋಚಿಸಲಿಲ್ಲ.

ಆಮೇಲೆ ಒಂದು ದಿನ ಬಾಬಿನ್ ನನ್ನ ಕಡೆ ಸರಿಸಿದಳು. "ಇದರಾಗ ನೂಲು ಹಾಕಿ ಕೊಡು" ಅಂದಳು. ಹಾಕಿ ಕೊಟ್ಟೆ. ಮಾರನೇ ದಿನ ಮತ್ತೆ ಸರಿಸಿದಳು. ಮೂರನೇ ದಿನ ಕೇಳಿದೆ.

"ಬಲಗಣ್ಣಿಗೆ ಪೊರಿ ಬಂದದ. ಎಡಗಣ್ಣಿಗೂ ಬರಾಕತ್ತದ" ಅಂದಳು, ಮೆಲ್ಲಗೆ.

"ಶಿಬಿರದಾಗ ಪುಕ್ಕಟೆ ಆಪರೇಷನ್ ಮಾಡ್ತಾರಲ್ಲ ಅತ್ತಿ."

"ಮಾಡ್ತಾರ. ಮಾಡಿ ನಲವತ್ತು ದಿನ ಮನ್ಯಾಗ ಕೂಡು ಅಂತಾರ. ಅಲ್ಲೀ ತನಕ ಈ ಕುರ್ಚಿ ಖಾಲಿ ಇರ್ತದೇನು? ಮಗಳ ನರ್ಸಿಂಗ್ ಇನ್ನೊಂದು ವರ್ಷ ಅದ. ಅದು ಮುಗೀಲಿ. ಕಣ್ಣು ಎಲ್ಲೂ ಓಡಿ ಹೋಗಂಗಿಲ್ಲ."

ಹಾಗೆ ಶುರುವಾಯಿತು. ಆಕೆ ಬಾಬಿನ್ ಸರಿಸುವುದು, ನಾನು ಆ ಕಡೆ ನೋಡದೇ ತೆಗೆದುಕೊಂಡು ನೂಲು ತೂರಿಸಿ ವಾಪಸ್ ಇಡುವುದು. ದಿನಕ್ಕೆ ಹತ್ತಿಪ್ಪತ್ತು ಸಲ. ಮಿಕ್ಕಿದ್ದನ್ನು ಆಕೆ ಬೆರಳಿನಿಂದಲೇ ಮಾಡುತ್ತಿದ್ದಳು. ಪುಕ್ಕವನ್ನು ತುಟಿಗೆ ತಾಗಿಸಿ ಯಾವುದು ಗಟ್ಟಿ, ಯಾವುದು ಮೆತ್ತಗೆ ಎಂದು ಹೇಳುತ್ತಿದ್ದಳು. ಆದರೆ ಕೊನೆಯ ಗಂಟಿಗೆ ಕೊಂಡಿ ಹಿಡಿಯಲು ಕಣ್ಣು ಬೇಕು. ಆಕೆ ಕೊಂಡಿ ಬಿಟ್ಟು ಬೆರಳಿನಲ್ಲೇ ಹೂವಿನ ಗಂಟು ಹಾಕತೊಡಗಿದಳು.

"ಇದು ಮಾಲಿ ಕಟ್ಟೋ ಗಂಟಲ್ಲೇನು ಅತ್ತಿ?"

"ಹೌದು. ನಲವತ್ತು ಮೊಳ ಕಟ್ಟಿದ್ರೂ ಒಂದು ಮಲ್ಲಿಗಿ ಜಾರಿಲ್ಲ. ಇದು ಜಾರ್ತದೇನು? ಮ್ಯಾಲೆ ಬಣ್ಣ ಬ್ಯಾರೆ ಹಚ್ತೀವಿ."

ನನಗೂ ಸರಿ ಅನ್ನಿಸಿತು. ಹೂವಿನ ತೊಟ್ಟು ಮೆತ್ತಗಿರುತ್ತದೆ, ನೂಲು ಅದರೊಳಗೆ ಕಚ್ಚಿ ಕೂರುತ್ತದೆ. ಗಾಳ ಉಕ್ಕು, ಅದರ ಮೇಲೆ ನೂಲು ಜಾರುತ್ತದೆ. ಇಷ್ಟು ಸಣ್ಣ ವಿಷಯ ಇಬ್ಬರಿಗೂ ಹೊಳೆಯಲಿಲ್ಲ.

ಅದೇ ದಿನಗಳಲ್ಲಿ ಪೋತ್ನಾಳದ ನನ್ನ ಸೋದರಮಾವ ಕರೆಯುತ್ತಿದ್ದ. ಅವನದು ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜು. ಬಯಲಲ್ಲಿ, ಬೇವಿನ ಮರದ ಕೆಳಗೆ. ನನಗೆ ಹೋಗಲು ಜೀವ ಬಡಿದುಕೊಳ್ಳುತ್ತಿತ್ತು. ನಾನು ಆಕೆಗೆ ಹೇಳಿರಲಿಲ್ಲ, ಫೋನಿನಲ್ಲಿ ಮಾತಾಡಿದ್ದು ಕೇಳಿಸಿಕೊಂಡಿದ್ದಳು. ಒಂದು ಮಧ್ಯಾಹ್ನ ಗಾಳದಿಂದ ಮುಖ ಎತ್ತದೇ ಅಂದಳು.

"ನೀ ಹೋದ್ರ ನಾನೂ ಹೋದಂಗ, ಪೋತ್ನಾಳ."

ಅದನ್ನು ಆಕೆ ಹೇಳಬಾರದಿತ್ತು. ಅವತ್ತಿನಿಂದ ಬಾಬಿನ್ ಸರಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ನೂಲು ಹಾಕಿ ಕೊಡುತ್ತಿದ್ದೆ, ಒಳಗೊಳಗೇ ಬೈಯುತ್ತಲೂ ಇದ್ದೆ. ಮಾವನಿಗೆ ಈ ತಿಂಗಳು ಆಗಲ್ಲ, ಮುಂದಿನ ತಿಂಗಳು ಅನ್ನುತ್ತಾ ಹೋದೆ. ಯಾರೋ ನನ್ನನ್ನೂ ವೈಸಿನ ಬಾಯಿಗೆ ಕೊಟ್ಟು ತಿರುಪು ಬಿಗಿದಂತೆ...

ಬೇಸಿಗೆ ಮುಗಿಯುವ ಹೊತ್ತಿಗೆ ಮಾಲು ವಾಪಸ್ ಬಂತು. ಹದಿನೆಂಟು ನಂಬರಿನ ಹುಳಗಳು ನೀರಿಗೆ ಬಿದ್ದ ಮೇಲೆ ತಲೆಯ ಗಂಟು ಬಿಚ್ಚಿಕೊಂಡಿದ್ದವು. ಪ್ಯಾಕ್ ಮಾಡುವಾಗ ಇಬ್ಬರ ಮಾಲೂ ಕೂಡಿಸಿದ್ದರಿಂದ ಯಾರದೆಂದು ಗೊತ್ತಾಗಲಿಲ್ಲ. ಸೂಪರ್‌ವೈಸರ್ ಕಿಟಕಿಯ ಹತ್ತಿರ ಬಂದು ನಿಂತ.

"ಇಬ್ರೂ ನನ್ನ ಮುಂದ ಒಂದೊಂದು ಕಟ್ರಿ. ನೋಡೋಣು."

ಅರಕೇರಾದವಳು ಕಟ್ಟಿದಳು. ಸರಿ ಇತ್ತು. ಹೂವಿನತ್ತೆ ಶುರು ಮಾಡಿದಳು. ಪುಕ್ಕ ಸುತ್ತಿದಳು, ಎಲ್ಲರಿಗಿಂತ ಚೆಂದ ಸುತ್ತಿದಳು. ಅವತ್ತು ಕೊಂಡಿಯನ್ನೂ ಕೈಗೆ ತೆಗೆದುಕೊಂಡಳು. ಗಂಟು ಬಿಗಿಯುವಾಗ ನೂಲು ತುಂಡಾಯಿತು.

ನೂಲಿನ ತುದಿ ಬಾಯಲ್ಲಿ ಒದ್ದೆ ಮಾಡಿ ಕೊಳವೆಗೆ ಹಿಡಿದಳು. ಪಕ್ಕಕ್ಕೆ ಹೋಯಿತು. ಮತ್ತೆ ಹಿಡಿದಳು. ಮೂರನೇ ಸಲಕ್ಕೆ ಬಾಬಿನ್ ಮೇಜಿನ ಮೇಲಿಟ್ಟಳು. ನಾನು ಕೈ ಚಾಚಿ ತೆಗೆದುಕೊಂಡೆ, ನೂಲು ತೂರಿಸಿದೆ, ಆಕೆಯ ಬೆರಳ ಹತ್ತಿರ ಇಟ್ಟೆ. ಆಕೆ ತೆಗೆದುಕೊಂಡಳು. ದಿನಾ ಅನ್ನುವಂತೆ "ಹ್ಞೂಂ" ಅಂದಳು.

ಆಮೇಲೆ ಇಬ್ಬರಿಗೂ ಗೊತ್ತಾಯಿತು, ಏನು ಮಾಡಿದೆವೆಂದು.

"ದಿನಾ ನೀನೇ ಏನಲೇ ಹಾಕಿ ಕೊಡೋದು?" ಅಂದ ಸೂಪರ್‌ವೈಸರ್.

ಆಕೆಯೇ ಅಂದಳು: "ಅವನಿಗೇನೂ ಅನಬ್ಯಾಡ್ರಿ ಸಾಹೇಬ್ರ. ನಾನೇ ಕೇಳ್ತಿದ್ದೆ."

ಅವನು ಕೆಟ್ಟವನಲ್ಲ. ಕೂಗಾಡಲಿಲ್ಲ. "ಯವ್ವಾ, ನಾಳಿಂದ ಬರಬ್ಯಾಡ್ರಿ" ಅಂದ, ಅಷ್ಟೇ. ಆಕೆ ಬುತ್ತಿ ಡಬ್ಬಿ ಚೀಲಕ್ಕೆ ಹಾಕಿಕೊಂಡು, ಮೆಟ್ಟಿಲ ಗೋಡೆ ಹಿಡಿದು ಇಳಿದು ಹೋದಳು.

ಮಾರನೇ ದಿನ ನನ್ನನ್ನು ಆಕೆಯ ಕುರ್ಚಿಗೆ ಕೂರಿಸಿದರು. ಅರಕೇರಾದವಳನ್ನು ಬಿಟ್ಟರೆ ಹದಿನೆಂಟು ಕಟ್ಟಲು ಬರುತ್ತಿದ್ದುದು ನನಗೆ ಮಾತ್ರ. ಉಗುರು ಬಣ್ಣ ನಿಲ್ಲಿಸಿ ಬೇರೆ ಅಂಟು ತಂದರು. ಅದಕ್ಕೆ ವಾಸನೆಯೇ ಇಲ್ಲ, ಸಣ್ಣ ಲೈಟು ಹಿಡಿದರೆ ಗಟ್ಟಿಯಾಗುತ್ತದೆ. ನನ್ನನ್ನು ತಡೆಯುವವರು ಈಗ ಯಾರೂ ಇರಲಿಲ್ಲ. ಅವತ್ತೇ ಪೋತ್ನಾಳಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಕಿಟಕಿಯ ಪಕ್ಕದ ಕುರ್ಚಿ, ಎಲ್ಲರೂ ನನ್ನ ಕೈ ನೋಡುವುದು... ಎರಡು ತಿಂಗಳು ಕೂತು ಆಮೇಲೆ ಬಿಡೋಣ ಅಂದುಕೊಂಡೆ. ಮಾವ ಬೇಸತ್ತು ಮಟಮಾರಿಯ ಒಬ್ಬನನ್ನು ಇಟ್ಟುಕೊಂಡ.

ಎರಡು ತಿಂಗಳಾಗಿರಬೇಕು, ಹೂವಿನತ್ತೆ ಮತ್ತೆ ಮೆಟ್ಟಿಲು ಹತ್ತಿ ಬಂದಳು. ಗೋಡೆ ಹಿಡಿದಿರಲಿಲ್ಲ. ಕಣ್ಣಿಗೆ ಕಪ್ಪು ಕನ್ನಡಕ ಇತ್ತು, ತೆಗೆದಳು.

"ಆಪರೇಷನ್ ಆತ್ರಿ ಸಾಹೇಬ್ರ. ಈಗ ಛಲೋ ಕಾಣತದ. ಬೇಕಂದ್ರ ನೂಲು ಹಾಕಿ ತೋರಸ್ತೀನಿ."

ಸೂಪರ್‌ವೈಸರ್ ನನ್ನ ಕಡೆ ನೋಡಿದ. "ಕುರ್ಚಿ ತುಂಬ್ಯದಲ್ಲ ಯವ್ವಾ. ಅವ ಎದ್ರ ನೀವು ಕೂಡ್ರಿ. ನಂದೇನೂ ಇಲ್ಲ."

ಆಕೆಯೂ ನನ್ನ ಕಡೆ ನೋಡಿದಳು. ಎಷ್ಟೋ ತಿಂಗಳ ಮೇಲೆ ಆ ಕಣ್ಣು ನೇರ ನನ್ನ ಮುಖದ ಮೇಲೆ ನಿಂತಿತು. ಎದ್ದರೆ ನನಗೆ ಏನಿದೆ ಎಂದು ಲೆಕ್ಕ ಹಾಕಿದೆ. ಗ್ಯಾರೇಜು ಹೋಯಿತು. ಹತ್ತು ನಂಬರಿನ ಕುರ್ಚಿಗೆ ಬೇರೆಯವರು ಬಂದಿದ್ದಾರೆ. ಉಳಿದಿದ್ದು ಅಕ್ಕಿ ಮಿಲ್ಲಿನ ಹಮಾಲಿ. ಗಾಳ ವೈಸಿನಲ್ಲಿತ್ತು, ಅರ್ಧ ಸುತ್ತಿದ್ದೆ. ಉಳಿದ ಅರ್ಧ ಸುತ್ತತೊಡಗಿದೆ.

"ಕೂಡ್ಲಿ ಬಿಡ್ರಿ" ಅಂದಳು ಆಕೆ. "ಕೈ ಛಲೋ ಅದ ಅವಂದು."

ಇಳಿದು ಹೋದಳು. ನಾನು ತಲೆ ಎತ್ತಲಿಲ್ಲ.

ಆಮೇಲೆ ಕೋಣೆಯಲ್ಲಿ ಆಕೆಯ ಮಾತು ಬಂದಾಗಲೆಲ್ಲ ಜನ ನನಗೆ ಸಮಾಧಾನ ಹೇಳುತ್ತಿದ್ದರು. ರೂಢಿಯ ಮೇಲೆ ಕೈ ಹೋಯಿತು, ನಿನ್ನದೇನು ತಪ್ಪು ಅನ್ನುತ್ತಿದ್ದರು. ಹೌದು ಹೌದು ಅನ್ನುತ್ತಿದ್ದೆ. ಕೈಯ ತಪ್ಪಿನ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ. ನಾನು ಏಳದೇ ಕೂತಿದ್ದನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬಸ್ಸಿನಲ್ಲಿ ಆ ವಾಸನೆ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. ಭಾನುವಾರ ದೇವದುರ್ಗಕ್ಕೆ ಹೋದೆ. ಕೇಳಿ ಕೇಳಿ ಮನೆ ಹುಡುಕಿದೆ. ಮಗಳು ಬಾಗಿಲಿಗೆ ಬಂದಳು. ಹೂವಿನತ್ತೆಯ ಪಕ್ಕ ಕೂತು ಹುಳ ಕಟ್ಟುತ್ತಿದ್ದೆ ಅಂದೆ.

"ಅವ್ವ ಮಳಿಗಾಲದಾಗ ಹೋದಳ್ರಿ. ಮೂರು ದಿನ ಜ್ವರ" ಅಂದಳು. "ಒಳಗ ಬರ್ರಿ."

ಗೋಡೆಯ ಮೇಲೆ ಫೋಟೋ ಇತ್ತು. ಫೋಟೋದಲ್ಲಿ ಆಕೆಗೆ ಕನ್ನಡಕ ಇರಲಿಲ್ಲ. ಮಗಳು ಚಹಾ ತಂದಳು. ನರ್ಸಿಂಗ್ ಮುಗಿಯಿತೇ ಎಂದು ಕೇಳಿದೆ. ಅರ್ಧಕ್ಕೆ ಬಿಟ್ಟೆ, ಈಗ ಬಟ್ಟೆ ಅಂಗಡಿಗೆ ಹೋಗುತ್ತೇನೆ ಅಂದಳು. ಬೇಸರದಿಂದ ಹೇಳಲಿಲ್ಲ, ಎಷ್ಟೋ ಜನರಿಗೆ ಹೇಳಿ ರೂಢಿಯಾದಂತೆ ಹೇಳಿದಳು.

"ಪೋತ್ನಾಳ ಅಂದ್ರ ನೀವೇ ಅಲ್ರಿ? ಅವ್ವ ಬಾಳ ನೆನೆಸ್ತಿದ್ದಳು. ದಿನಾ ನೂಲು ಹಾಕಿ ಕೊಡ್ತಿದ್ರಂತ. ನೀವು ಇರಲಿಕ್ಕಂದ್ರ ಆಕಿ ಆ ವರ್ಷನೂ ಕೆಲಸ ಮಾಡ್ತಿದ್ದಿಲ್ಲಂತ."

"ಕುರ್ಚಿ ಬಗ್ಗೆ ಏನರ ಹೇಳಿದ್ದಳೇನು?"

"ಯಾವ ಕುರ್ಚಿ ರೀ?"

ಹೇಳಲೆಂದೇ ಅಷ್ಟು ದೂರ ಹೋಗಿದ್ದೆ. ಚಹಾ ಕುಡಿದು ಲೋಟ ಕೆಳಗಿಟ್ಟೆ.

"ಏನಿಲ್ಲ ಬಿಡ್ರಿ" ಅಂದೆ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅದೇ ಮಹಡಿಗೆ ಕೆಲಸಕ್ಕೆ ಬಂದೆ. ಆಕೆ ಸತ್ತ ಸುದ್ದಿ ಹೇಳಿದೆ. ಅರಕೇರಾದವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಎಲ್ಲರೂ ಅವರವರ ಜಾಗಕ್ಕೆ ಹೋದರು. ನಾನು ಕಿಟಕಿಯ ಪಕ್ಕದ ಆ ಕುರ್ಚಿಯ ಹಿಂದೆ ಸ್ವಲ್ಪ ಹೊತ್ತು ನಿಂತೇ ಇದ್ದೆ... ಯಾಕಲೇ ನಿಂತಿ ಎಂದು ಯಾರೋ ಕೇಳಿದರು. ಕೂತೆ.