ನಾರಿನ ಮಿಲ್ಲಿನ ಶ್ರುತಿ

ಮಂಗಳವಾರ ಬಂದರೆ ನಾನು ಹೊಸದುರ್ಗದಲ್ಲಿ ಬೆಳಗಿನ ಬಸ್ಸು ಹತ್ತಿ ಬಾಗೂರಿನ ಕಡೆಯ ಒಂದು ಸರ್ಕಾರಿ ಶಾಲೆಗೆ ಹೋಗುತ್ತೇನೆ. ಮಾತು ಬಾರದ, ಇಲ್ಲವೇ ಒಂದೆಡೆ ಕೂರಲಾಗದ ಏಳು ಮಕ್ಕಳಿಗೆ ಅಲ್ಲಿ ಒಂದು ಗಂಟೆ ಸಂಗೀತ. ಇದಕ್ಕೆ ಸಂಗೀತ ಚಿಕಿತ್ಸೆ ಎನ್ನುತ್ತಾರೆ. ಮೊದಲ ಚಿಕಿತ್ಸೆ ಆದದ್ದು ಮಾತ್ರ ನನಗೇ.

ಮೂವತ್ತು ವರ್ಷ ಸಂಗೀತ ಪಾಠ ಹೇಳಿದವನು, ಮೂಗಿನ ತುದಿಯಲ್ಲೇ ಕೋಪ. ಯಾರಾದರೂ ಶ್ರುತಿ ತಪ್ಪಿದರೆ ಪಾಠ ನಿಲ್ಲಿಸಿ ಎದ್ದು ಹೋಗುತ್ತಿದ್ದೆ.

ಆ ಏಳು ಮಕ್ಕಳಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳಿದ್ದಳು. ಮಾತಿಲ್ಲ. ಬಾಯಿ ಮುಚ್ಚಿಕೊಂಡೇ ದಿನವಿಡೀ ಒಂದೇ ದನಿಯಲ್ಲಿ ಗುಂಯ್‌ಗುಡುತ್ತಿದ್ದಳು. ನಾನು ಶ್ರುತಿಪೆಟ್ಟಿಗೆ ಹಚ್ಚಿದ ಕೂಡಲೇ ಕಿವಿ ಮುಚ್ಚಿ ಚೀರುತ್ತಿದ್ದಳು. ಪಕ್ಕದ ತರಗತಿಯ ಪಾಠವೂ ನಿಲ್ಲುತ್ತಿತ್ತು. ಮೂರು ಮಂಗಳವಾರ ಹೀಗೇ ಆದಾಗ ಹೆಡ್ ಮೇಡಂ ಅವಳ ತಾಯಿಯನ್ನು ಕರೆಸಿದರು.

"ನೋಡಮ್ಮ, ಹಿಂಗೆ ಚೀರಿದ್ರೆ ಉಳಿದ ಮಕ್ಕಳ ಗತಿ ಏನು? ಮನೇಲೇ ಇಟ್ಕ. ವಾರಕ್ಕೊಂದ್ಸಲ ಟೀಚರ್ ಮನೆಗೇ ಬಂದು ಹೇಳಿಕೊಡ್ತಾರೆ, ಅದಕ್ಕೂ ದಾರಿ ಐತೆ."

"ಮನೇಲಿಟ್ಕಂಡು ನಾ ದುಡಿಯಾದೆಂಗ್ರಿ ಮೇಡಂ?" ಎಂದಳು ತಾಯಿ. ತೆಂಗಿನ ನಾರು ತೆಗೆಯುವ ಮಿಲ್ಲಿನಲ್ಲಿ ಆಕೆಯ ಕೆಲಸ. ಬೆಳೆದ ಮಗುವನ್ನು ಯಂತ್ರದ ಹತ್ತಿರ ಬಿಡುವುದಿಲ್ಲ. ಚೀರಾಟ ಶುರುವಾದ ಮೇಲೆ, ಯಾವಾಗ ಕರೆಯುತ್ತಾರೋ ಎಂದು ಆಕೆ ಕೆಲಸ ಬಿಟ್ಟು ಶಾಲೆಯ ಕಟ್ಟೆಯ ಮೇಲೆ ಕೂತೇ ದಿನ ಕಳೆಯುತ್ತಿದ್ದಳು.

ಮೇಡಂ ನನ್ನ ಅಭಿಪ್ರಾಯ ಕೇಳಿದರು. ನಾನು ಆಡಿದ ಮಾತು ನೆನೆದರೆ ಈಗಲೂ ನಾಚಿಕೆ. "ಶ್ರುತಿಗೇ ಸೇರದ ಮಗು ಮೇಡಂ, ಇದಕ್ಕೆ ಸಂಗೀತ ಹಿಡಿಸೋದಿಲ್ಲ" ಎಂದುಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನದೂ ಅದೇ ಕತೆ.

ತಾಯಿ ಸಿಟ್ಟಾಗಲಿಲ್ಲ. "ಸಾರ್, ಇದು ಕೂಸಿದ್ದಾಗ ಮಿಲ್ಲಲ್ಲೇ ಜೋಲಿ ಕಟ್ಟಿ ಮಲಗಿಸ್ತಿದ್ದೆ. ಮಿಷಿನ್ ನಿಂತ್ರೆ ಎದ್ದು ಅಳ್ತಿತ್ತು. ಈಗ ಇದು ಅಂತೈತಲ್ಲ, ಅದು ಮಿಷಿನ್ ದನಿ. ನಿಮ್ ಪೆಟ್ಟಿಗೆ ಬ್ಯಾರೆ ಅಂತೈತೆ, ಅದ್ಕೇ ಸಿಟ್ಟು. ನೀವೇ ಸ್ವಲ್ಪ ಇದರ ಹತ್ರಕ್ಕೆ ಬರ್ರಿ."

ಇಷ್ಟು ವರ್ಷದಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಎಲ್ಲರೂ ನನ್ನ ಶ್ರುತಿಗೇ ಬರಬೇಕಿತ್ತು. ನಾರು ಬಿಡಿಸುವವಳಿಂದ ನಾನು ಶ್ರುತಿ ಕಲಿಯಬೇಕೇ ಎಂದು ಮೊದಲು ಕೋಪವೇ ಬಂತು. ಆದರೂ ಹುಡುಗಿಯ ಪಕ್ಕ ನೆಲದ ಮೇಲೆ ಕೂತು ಪೆಟ್ಟಿಗೆಯ ತಿರುಪನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದೆ. ಯಾವ ಸ್ವರಕ್ಕೂ ಸರಿಯಾಗಿ ಕೂರದ, ಎರಡರ ನಡುವಿನ ಒಂದು ಜಾಗದಲ್ಲಿ ಪೆಟ್ಟಿಗೆಯ ದನಿಯೂ ಅವಳ ದನಿಯೂ ಒಂದಾದವು. ಅವಳು ಕಿವಿಯಿಂದ ಕೈ ತೆಗೆದಳು. ಆಮೇಲೆ ಪೆಟ್ಟಿಗೆಗೆ ಕೆನ್ನೆ ಆನಿಸಿದಳು. ಸುಳ್ಳೇಕೆ ಹೇಳಲಿ, ನನಗೆ ಅಳು ಬಂತು.

ಮೇಡಂ ಇನ್ನೊಂದು ತಿಂಗಳು ನೋಡೋಣ ಎಂದರು. ಅವತ್ತಿನಿಂದ ಪಾಠವೆಲ್ಲ ಆ ಶ್ರುತಿಯಲ್ಲೇ. ಉಳಿದ ಮಕ್ಕಳಿಗೆ ಯಾವುದಾದರೂ ಒಂದೇ, ಕಷ್ಟ ನನ್ನ ಗಂಟಲಿಗೆ ಮಾತ್ರ. ಹಾಜರಿಯನ್ನೂ ಹಾಡಿಯೇ ಕರೆಯತೊಡಗಿದೆ. ಮಾತು ಬರುವವರು "ಬಂದೀನಿ ಸಾರ್" ಎಂದು ಹಾಡಿ ಹೇಳುವರು, ಬಾರದವರು ಚಪ್ಪಾಳೆ ತಟ್ಟುವರು. ಅವಳು ಮಾತ್ರ ತನ್ನ ಪಾಡಿಗೆ ಗುಂಯ್‌ಗುಡುತ್ತಿದ್ದಳು.

ತಿಂಗಳು ಮುಗಿದ ಮಂಗಳವಾರ ಮೇಡಂ ಬಂದು ಬಾಗಿಲಲ್ಲಿ ನಿಂತರು. ನಾನು ಹುಡುಗಿಯ ಹೆಸರು ಹಾಡಿದೆ. ಗುಂಯ್‌ಗುಟ್ಟುವುದು ನಿಂತಿತು. ಅವಳು ನನ್ನನ್ನೇ ನೋಡಿದಳು. ಬಾಯಿ ಮುಚ್ಚಿಕೊಂಡೇ ಒಮ್ಮೆ ಪಂಚಮಕ್ಕೆ ಏರಿ, ಇಳಿದು, ತನ್ನ ಜಾಗದಲ್ಲಿ ನಿಂತಳು. ಒಂದೇ ದನಿಯವಳು ಮೊದಲ ಬಾರಿಗೆ ಉತ್ತರ ಕೊಟ್ಟಿದ್ದಳು.

"ಬಂದೈತೆ ಅಂತ ಬರ್ಕಳ್ರಿ ಸಾರ್" ಎಂದರು ಮೇಡಂ.

ಕಿಟಕಿಯಾಚೆ ನಿಂತಿದ್ದ ತಾಯಿ ಹಾಡಿನ ಮಾತೇ ಎತ್ತಲಿಲ್ಲ. "ಮೇಡಂ, ನಾಳಿಂದ ನಾ ಮಿಲ್ಲಿಗೆ ಹೋಗ್ಲೇನ್ರಿ?" ಎಂದಳು.

"ಹೋಗಮ್ಮ. ಸಂಜೆ ಬಂದು ಕರ್ಕಂಡೋಗು."

ಆಕೆ ನನಗೆ ಕೈ ಮುಗಿದಳು. "ಕೈ ಮುಗಿಯಬೇಕಾದವನು ನಾನಮ್ಮ" ಎಂದೆ. ಅದನ್ನು ಕೇಳಿಸಿಕೊಳ್ಳಲು ಆಕೆಗೆ ಪುರುಸೊತ್ತಿರಲಿಲ್ಲ. ಕೆಲಸ ಕೇಳಲು ಆಗಲೇ ಮಿಲ್ಲಿನ ಕಡೆ ಓಡುತ್ತಿದ್ದಳು.