ಪ್ಯಾಕಿನ ಮೇಲಿನ ಮಾವ

ಆ ದಿನ ನನ್ನ ಗಂಡ ದ್ರಾಕ್ಷಿ ತೋಟದಿಂದ ಬಂದವರು ಚಪ್ಪಲಿಯನ್ನೂ ಬಿಡದೆ ನೇರವಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತರು. ನಾನು ಶಾಲೆಯಿಂದ ಬಂದು ಹಾಲು ಕಾಯಿಸುತ್ತಿದ್ದೆ.

"ಲೇ, ಇಲ್ಬಾ. ಇದ್ಯಾರು ಹೇಳು ನೋಡೋಣ."

ಅವರ ಕೈಯಲ್ಲಿ ಸಿಗರೇಟು ಪ್ಯಾಕು ಇತ್ತು. ಆಗ ಪ್ಯಾಕುಗಳ ಮೇಲೆ ಹೊಸ ಚಿತ್ರ ಬಂದಿತ್ತು. ಒಬ್ಬ ಗಂಡಸಿನ ಮುಖ, ದವಡೆಯ ಕೆಳಗೆ ನೋಡಲಾಗದಂಥ ಗಡ್ಡೆ, ಮೇಲೆ ಕ್ಯಾನ್ಸರಿನ ಎಚ್ಚರಿಕೆ. ಸಿಗರೇಟು ಸೇದುವವರು ಅದನ್ನು ಕಂಡು ಹೆದರಿ ಬಿಡಲಿ ಎಂದು ಹಾಕಿದ ಚಿತ್ರ. ನಾನು ಗಡ್ಡೆ ನೋಡಿ ಮುಖ ತಿರುಗಿಸಿದೆ.

"ಗಡ್ಡೆ ಬಿಡು. ಮೇಲೆ ನೋಡು, ಮೀಸೆ ನೋಡು, ಕಿವಿ ನೋಡು."

ನೋಡಿದೆ. ಸೌಟು ಕೈಯಲ್ಲೇ ಉಳಿಯಿತು. ಪೊದೆಯಂಥ ಮೀಸೆ, ಗಾಳಿಗೆ ಬಿಡಿಸಿಟ್ಟಂತೆ ಹೊರಚಾಚಿದ ಎರಡು ಕಿವಿ, ಹಣೆಯ ಎಡಗಡೆ ಒಂದು ನರಹುಲಿ. ಸಾಕ್ಷಾತ್ ನನ್ನ ಸೋದರಮಾವ! ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.

ನನ್ನ ಸೋದರಮಾವ ಹುಟ್ಟಿದಾಗಿನಿಂದ ಒಂದು ಬೀಡಿಯನ್ನೂ ತುಟಿಗೆ ಇಟ್ಟವರಲ್ಲ. ಬಸ್ ಕಂಡಕ್ಟರಾಗಿ ನಿವೃತ್ತರಾಗಿ, ಶಿವಗಂಗೆ ಬೆಟ್ಟದ ಮಗ್ಗುಲಿನ ಊರಿನಲ್ಲಿ ರಾಗಿ, ಹುಣಸೆ, ಎರಡು ಹಸು ಎಂದುಕೊಂಡು ಅತ್ತೆಯ ಜೊತೆ ಸುಖವಾಗಿದ್ದಾರೆ. ಬಸ್ಸಿನಲ್ಲಿ ಯಾರಾದರೂ ಕದ್ದು ಬೀಡಿ ಹಚ್ಚಿದರೆ ಹಿಂದಿನ ಸೀಟಿನವರೆಗೂ ಕೇಳುವಂತೆ ಗದರುತ್ತಿದ್ದ ಗಂಟಲು ಇನ್ನೂ ಹಾಗೆಯೇ ಇದೆ. ನನ್ನ ಅಪ್ಪ ಬೇಗ ಹೋದ್ದರಿಂದ ನನ್ನನ್ನು ಧಾರೆ ಎರೆದು ಕುಂದಾಣದ ಕಡೆಯ ಈ ಮನೆಗೆ ಕೊಟ್ಟವರು ಅವರೇ. ಹಾಗಾಗಿ ನಮ್ಮ ಮನೆಯವರಿಗೆ ಅವರೆಂದರೆ ಹೆಣ್ಣು ಕೊಟ್ಟ ಮಾವನಷ್ಟೇ ಭಯಭಕ್ತಿ. ಮದುವೆಯಾಗಿ ಮಗಳು ಕಾಲೇಜಿಗೆ ಹೋಗುವಷ್ಟು ಕಾಲವಾದರೂ ಅವರೆದುರು ಒಂದು ಸಿಗರೇಟು ಹಚ್ಚಿದವರಲ್ಲ. ಊರಿಗೆ ಹೋದಾಗೆಲ್ಲ ಹುಲ್ಲಿನ ಮೆದೆಯ ಹಿಂದೆ ಹೋಗಿ ಸೇದಿ, ಲವಂಗ ಜಗಿದುಕೊಂಡು ಬರುತ್ತಿದ್ದರು.

ಅಂಥವರ ಜೇಬಿನಲ್ಲಿ ಈಗ ಮಾವ ಬಂದು ಕೂತಿದ್ದರು.

"ತೆಗ್ಯಕ್ಕೆ ಹೋದ್ರೆ 'ಏನಪ್ಪಾ ಅಳಿಮಯ್ಯ' ಅಂದಂಗಾಗ್ತದೆ ಕಣೇ" ಎಂದು ಒದ್ದಾಡಿದರು. ಕೆಲವು ದಿನ ಅಂಗಡಿಯಲ್ಲಿ ಬಿಡಿ ಸಿಗರೇಟು ತೆಗೆದುಕೊಂಡರು. ಬಿಡಿಯ ಮೇಲೆ ಯಾವ ಚಿತ್ರವೂ ಇಲ್ಲ, ಯಾವ ಮಾವನೂ ಇಲ್ಲ. ಆದರೆ ತೋಟದ ಹತ್ತಿರ ಅಂಗಡಿಯಿಲ್ಲ. ಮತ್ತೆ ಪ್ಯಾಕೇ ಗತಿಯಾಯಿತು. ಜೇಬಿನಲ್ಲಿ ಚಿತ್ರ ಒಳಗಡೆ ಬರುವಂತೆ ತಿರುಗಿಸಿ ಇಡತೊಡಗಿದರು. ಇನ್ನೊಂದು ಕಡೆಯೂ ಅದೇ ಚಿತ್ರ ಇತ್ತು.

ಮಾವನಿಗೆ ಇದನ್ನು ಹೇಳುವುದು ಬೇಡ ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಆದರೆ ಆ ಪ್ಯಾಕು ನಮ್ಮೊಬ್ಬರಿಗೇ ಮಾರಿದ್ದಲ್ಲವಲ್ಲ.

ಹುಣಸೆ ಬಡಿಯುವ ಕಾಲ. ಒಂದು ಬೆಳಿಗ್ಗೆ ಅತ್ತೆಯ ಫೋನು ಬಂತು. ಅಳುತ್ತಿದ್ದಾರೋ ನಗುತ್ತಿದ್ದಾರೋ ಮೊದಲು ತಿಳಿಯಲಿಲ್ಲ. ನಡೆದದ್ದು ಇಷ್ಟು. ಹೊಸಕೋಟೆಯ ಕಡೆ ಅತ್ತೆಯ ತಂಗಿ ಇದ್ದಾಳೆ. ಆಕೆಯ ಗಂಡ, ಎಂದರೆ ಮಾವನ ಷಡ್ಡಕ, ಯಾವುದೋ ಅಂಗಡಿಯ ಮುಂದೆ ಆ ಪ್ಯಾಕು ನೋಡಿದ್ದಾರೆ. ಇಷ್ಟು ದೊಡ್ಡ ಕಾಯಿಲೆ ಬಂದರೂ ನಮಗೆ ಒಂದು ಮಾತು ಹೇಳಲಿಲ್ಲವಲ್ಲ, ಫೋನಿನಲ್ಲಿ ಕೇಳಿದರೆ ಮುಚ್ಚಿಡುತ್ತಾರೆ, ಹೋಗಿಯೇ ನೋಡೋಣ ಎಂದು ಗಂಡ ಹೆಂಡತಿ ಮೂಸಂಬಿ, ಬ್ರೆಡ್ಡು, ಎಳನೀರು ಎಲ್ಲ ಹೊತ್ತುಕೊಂಡು ಬಂದಿಳಿದಿದ್ದಾರೆ. ಬಾಗಿಲಲ್ಲೇ ತಂಗಿ ಅಕ್ಕನನ್ನು ತಬ್ಬಿಕೊಂಡು ಗೊಳೋ ಎಂದಿದ್ದಾಳೆ. ತಂಗಿಯ ಮನೆಯಲ್ಲಿ ಏನೋ ಆಗಿಹೋಗಿದೆ ಎಂದುಕೊಂಡು ಅಕ್ಕನೂ ಗೊಳೋ ಎಂದಿದ್ದಾರೆ.

ಆಗ ಹಿತ್ತಲಿನ ಹುಣಸೆ ಮರದ ಮೇಲಿಂದ ಗಟ್ಟಿ ದನಿ ಕೇಳಿಸಿದೆ.

"ಯಾರ್ ಹೋದ್ರೇ?"

ತಂಗಿ ಅಳು ನಿಲ್ಲಿಸಿ ಮೇಲೆ ನೋಡಿದರೆ ಭಾವ ಕೊಂಬೆಯ ಮೇಲೆ ನಿಂತಿದ್ದಾರೆ, ಕೈಯಲ್ಲಿ ಕೋಲು, ತಲೆಗೆ ಟವಲು.

"ಭಾವ, ನೀವು... ನೀವು ಮರ ಯಾಕ್ ಹತ್ತಿದ್ರಿ? ಇಳೀರಿ, ಇಳೀರಿ! ಡಾಕ್ಟ್ರು ಏನಂತಾರೆ?"

"ಡಾಕ್ಟ್ರಿಗೂ ಹುಣ್ಸೇಹಣ್ಣಿಗೂ ಏನಮ್ಮ ಸಂಬಂಧ?"

ಷಡ್ಡಕ ಮೆಲ್ಲಗೆ ವಿಷಯ ಬಿಚ್ಚಿದರಂತೆ. ಮಾವ ಕೋಲು ಬಿಸಾಡಿ ಇಳಿದರಂತೆ. ಮೂಸಂಬಿಯನ್ನು ಎಲ್ಲರೂ ಸೇರಿ ತಿಂದರಂತೆ. ಆದರೆ ಮಾವ ಮಾತ್ರ ಆಗಿನಿಂದ ಬುಸುಗುಡುತ್ತಿದ್ದಾರೆ, ಭಾನುವಾರ ನೀವಿಬ್ಬರೂ ಬಂದು ಸಮಾಧಾನ ಮಾಡಿ ಎಂದು ಅತ್ತೆ ಹೇಳಿದರು.

ಭಾನುವಾರ ಹೋದೆವು. ಮಾವ ಜಗುಲಿಯ ಮೇಲೆ ಕೂತಿದ್ದರು. ನಾವು ಕಾಲು ತೊಳೆಯುವುದಕ್ಕೂ ಬಿಡಲಿಲ್ಲ.

"ನೋಡ್ ಮಗಾ, ನಾನು ಕೇಸ್ ಹಾಕ್ತೀನಿ. ನನ್ನ ಮುಖ ನನ್ನ ಕೇಳ್ದೆ ಹೆಂಗ್ ಹಾಕುದ್ರು? ನಾಳೆ ಮೊಮ್ಮಗಳಿಗೆ ಗಂಡು ನೋಡಕ್ಕೆ ಹೋದ್ರೆ, ಸಿಗರೇಟಿನ ತಾತ ಬಂದ ಅನ್ನಲ್ವಾ?"

"ಮಾವ, ಅದು ನೀವಲ್ಲ. ನಿಮ್ಮ ಥರ ಇನ್ನೊಬ್ಬರು ಯಾರೋ."

"ಅದನ್ನ ನಾನು ನೋಡ್ಬೇಕಲ್ಲ! ಊರೆಲ್ಲ ನೋಡೈತೆ, ನಾನೊಬ್ನೇ ನೋಡಿಲ್ಲ. ಎಲ್ಲಿ ಒಂದು ಪ್ಯಾಕು ತೋರ್ಸಿ."

ಸಿಗರೇಟು ಸೇದುವವರೇ ಇಲ್ಲದ ಮನೆಯಲ್ಲಿ ಪ್ಯಾಕು ಎಲ್ಲಿಂದ ಬರಬೇಕು? ಇದ್ದದ್ದು ಒಂದೇ. ಅದು ನಮ್ಮ ಮನೆಯವರ ಅಂಗಿಯ ಜೇಬಿನಲ್ಲಿತ್ತು. ಅವರು ನನ್ನ ಮುಖ ನೋಡಿದರು, ನಾನು ಹಸುವಿನ ಕಡೆ ನೋಡಿದೆ.

"ಮಾವ, ನಾನು ಅಂಗ್ಡಿಗೋಗಿ ತಂದ್ಬಿಡ್ತೀನಿ" ಎಂದು ಎದ್ದು ಹೋದರು. ಅಂಗಡಿ ಊರ ಬಾಗಿಲಲ್ಲಿದೆ, ನಿಧಾನವಾಗಿ ನಡೆದರೆ ಒಂದು ಎಲೆ ಅಡಿಕೆ ಮುಗಿಯುವಷ್ಟು ದೂರ. ಇವರು ಹುಲ್ಲಿನ ಮೆದೆಯನ್ನು ಒಂದು ಸುತ್ತು ಹಾಕಿ ಆಗಲೇ ಬಂದುಬಿಟ್ಟರು. ಗಾಬರಿಯಲ್ಲಿ ಲೆಕ್ಕ ತಪ್ಪಿತ್ತು.

ಮಾವ ಪ್ಯಾಕನ್ನು ಕೈಗೆ ತೆಗೆದುಕೊಂಡು ಮೊದಲು ಮುಚ್ಚಳ ತೆಗೆದರು. ಒಳಗೆ ನಾಲ್ಕೋ ಐದೋ ಉಳಿದಿದ್ದವು.

"ಏನಪ್ಪಾ ಅಳಿಮಯ್ಯ, ಅಂಗ್ಡಿಯವ್ನು ಅರ್ಧ ಸೇದ್ಬಿಟ್ಟು ಕೊಟ್ನಾ?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು. ನನ್ನ ಗಂಡ ನಿಂತಲ್ಲೇ ಕೆಂಪಾದರು. ಮಾವ ಬೈಯುತ್ತಾರೆಂದು ನಾನು ಕಾದೆ. ಅವರು ಬೈಯಲಿಲ್ಲ.

"ನಂಗೊತ್ತಿಲ್ವಾ? ಲವಂಗದ ವಾಸ್ನೆ ಬಂದಾಗೆಲ್ಲ ಗೊತ್ತಾಗ್ತಿತ್ತು. ಮೂವತ್ತು ವರ್ಷ ಬಸ್ನಲ್ಲಿ ಜನದ ಮಧ್ಯೆ ನಿಂತಿದ್ದೋನು ನಾನು. ಹೋಗ್ಲಿ, ನನ್ನ ಜೇಬಲ್ಲಿಟ್ಕೊಂಡು ಓಡಾಡ್ತಿದ್ದೀಯ, ಸಂತೋಷ. ಹಿಂದುಗಡೆ ಜೇಬಲ್ಲಿ ಮಾತ್ರ ಇಡ್ಬೇಡ, ನನ್ ಮೇಲೇ ಕೂತಂಗಾಗ್ತದೆ."

ಆಮೇಲೆ ಕನ್ನಡಕ ಹಾಕಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು. ಅತ್ತೆಯೂ ಬಂದು ಭುಜದ ಮೇಲಿಂದ ಬಗ್ಗಿ ನೋಡಿದರು. ನಗು ಅಲ್ಲಿಗೇ ನಿಂತಿತು.

"ಪಾಪ" ಎಂದರು ಅತ್ತೆ. "ಯಾರ ಮನೆ ಯಜಮಾನ್ನೋ. ಇದಾನೋ ಇಲ್ವೋ. ಅವ್ನ ಹೆಂಡ್ತಿ ಅಂಗ್ಡಿ ಮುಂದೆ ಹೋಗುವಾಗ ಇದನ್ನ ನೋಡಿದ್ರೆ ಹೆಂಗಾಗ್ಬೇಕು ಅವ್ಳಿಗೆ?"

ಮಾವ ಕೇಸಿನ ಮಾತನ್ನು ಮತ್ತೆ ಎತ್ತಲಿಲ್ಲ. ಮೀಸೆ ತೆಗೆಸಿಬಿಡುತ್ತೇನೆ ಎಂದು ಒಮ್ಮೆ ಅಂದರು, "ಮೀಸೆ ಇಲ್ದೆ ಮನೆಗೆ ಬಂದ್ರೆ ಬಾಗ್ಲು ತೆಗಿಯಲ್ಲ" ಎಂದು ಅತ್ತೆ ಹೇಳಿದ ಮೇಲೆ ಅದೂ ಮುಗಿಯಿತು.

ಆದರೆ ಬೇರೊಂದು ಯೋಚನೆ ಅವರ ತಲೆ ಹೊಕ್ಕಿತ್ತು. ಹಾಲಿನ ಡೈರಿಯ ಕೆಲಸಕ್ಕೆಂದು ದಾಬಸ್‌ಪೇಟೆಗೆ ಹೋದಾಗ ಸೋಂಪುರದ ಕಾರ್ಖಾನೆಗಳ ಹತ್ತಿರ ಒಂದು ಪೆಟ್ಟಿಗೆ ಅಂಗಡಿಯಲ್ಲಿ ಟೀ ಕುಡಿಯುವುದು ಅವರ ರೂಢಿ. ಪಾಳಿ ಬಿಟ್ಟ ಹುಡುಗರೆಲ್ಲ ಅಲ್ಲೇ ಸೇರಿ ಹೊಗೆ ಬಿಡುತ್ತಾರೆ. ಇಷ್ಟು ದಿನ ಮೂಗು ಮುಚ್ಚಿಕೊಂಡು ಟೀ ಕುಡಿದು ಬರುತ್ತಿದ್ದವರು ಈ ಸಲ ಅಂಗಡಿಯ ಕಟ್ಟೆಯ ಮೇಲೆ, ಪ್ಯಾಕುಗಳ ಸಾಲಿನ ಪಕ್ಕದಲ್ಲೇ ಕುಳಿತರು. ಮುಂದಿನದನ್ನು ಅವರೇ ನನಗೆ ಎಷ್ಟೋ ಸಲ ಹೇಳಿದ್ದಾರೆ, ಪ್ರತಿ ಸಲವೂ ಎದ್ದು ನಿಂತು ಅಭಿನಯಿಸಿಕೊಂಡು.

ಮೊದಲಿಗೆ ಯಾರೂ ಗಮನಿಸಲಿಲ್ಲವಂತೆ. ಹುಡುಗರೆಲ್ಲ ಬಿಡಿಯಾಗಿ ಒಂದೊಂದು ಕೊಳ್ಳುವವರು, ಪ್ಯಾಕು ಯಾರ ಕೈಗೂ ಬರುವುದೇ ಇಲ್ಲ. ದಿನವೆಲ್ಲ ಆ ಚಿತ್ರ ನೋಡುವವನು ಅಂಗಡಿಯವನೊಬ್ಬನೇ. ಅವನು ಮಾವನನ್ನು ನೋಡಿ, ಪ್ಯಾಕು ನೋಡಿ, ಟೀ ಲೋಟ ಕೆಳಗಿಟ್ಟುಬಿಟ್ಟ. ಅಲ್ಲಿಂದ ಸುದ್ದಿ ಹಬ್ಬಿತು. ಒಬ್ಬ ಹುಡುಗ ಹತ್ತಿರ ಬಂದ. ಕೊಪ್ಪಳದ ಕಡೆಯವನು, ಕಾರ್ಖಾನೆಯಲ್ಲಿ ಮಷೀನು ನೋಡಿಕೊಳ್ಳುವವನು. ಹಚ್ಚಬೇಕೆಂದಿದ್ದ ಸಿಗರೇಟನ್ನು ಹಾಗೆಯೇ ಹಿಡಿದು ಬಹಳ ವಿನಯದಿಂದ ಕೇಳಿದ.

"ಯಜಮಾನ್ರ, ಇದರಾಗ ಇರೋರು ನೀವೇ ಏನ್ರಿ?"

ಹೌದೆನ್ನಬಾರದಿತ್ತು. ಆದರೆ ಹುಡುಗನ ಕಣ್ಣಿನಲ್ಲಿ ಭಯ ಕಂಡಿತು, ಇವನಾದರೂ ಬಿಡಲಿ ಎನ್ನಿಸಿತು ಎಂದು ಮಾವ ಹೇಳುತ್ತಾರೆ. "ಹೂಂ ಕಣಪ್ಪ, ನಾನೇ. ಆಪರೇಷನ್ ಆಯ್ತು. ದೇವ್ರು ದೊಡ್ಡೋನು, ಬದುಕ್ಕೊಂಡೆ" ಎಂದುಬಿಟ್ಟರು.

ಸುತ್ತ ಹುಡುಗರು ಸೇರಿದರು. ಒಂದಿಬ್ಬರು ಸಿಗರೇಟು ನೆಲಕ್ಕೆ ಹಾಕಿ ತುಳಿದರು. ಕೊಪ್ಪಳದ ಹುಡುಗ ತನ್ನದನ್ನು ಅಂಗಡಿಯವನಿಗೆ ವಾಪಸ್ಸು ಕೊಟ್ಟ. ಮಾವ ಮೀಸೆ ತಿರುವಿಕೊಂಡರು. ಅಷ್ಟಕ್ಕೇ ಎದ್ದು ಬಂದಿದ್ದರೆ ಚೆನ್ನಾಗಿತ್ತು.

"ಯಾವ ಸಿಗರೇಟು ಸೇದ್ತಿದ್ರಿ ಯಜಮಾನ್ರ?" ಎಂದು ಇನ್ನೊಬ್ಬ ಕೇಳಿದ.

ಮಾವನಿಗೆ ಒಂದು ಸಿಗರೇಟಿನ ಹೆಸರೂ ಗೊತ್ತಿಲ್ಲ. ಕನ್ನಡಕವೂ ಮನೆಯಲ್ಲೇ ಉಳಿದಿತ್ತು. ಅಂಗಡಿಯ ಒಳಗೆ ತೂಗುಹಾಕಿದ್ದ ಒಂದು ಬಣ್ಣದ ಉದ್ದನೆಯ ಪೊಟ್ಟಣದ ಕಡೆ ಗಂಭೀರವಾಗಿ ಬೆರಳು ತೋರಿಸಿ, "ಅದೇ ಅಲ್ಲಿ ನೇತಾಕೈತಲ್ಲ, ಅದು. ದಿವ್ಸಕ್ಕೆ ಒಂದು ಪೊಟ್ಣ" ಎಂದರು.

ಅದು ಊದಿನಕಡ್ಡಿ.

ಅಂಗಡಿಯವನು ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು, ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುವ ಹಾಗೆ. ಮಾವನಿಗೂ ತಡೆಯಲಾಗಲಿಲ್ಲ. ನಿಜ ಒಪ್ಪಿಕೊಂಡು, ಎಲ್ಲರ ಜೊತೆ ಇನ್ನೊಂದು ಟೀ ಕುಡಿದು ಬಂದರು. ಅಂದಿನಿಂದ ಅಲ್ಲಿ ಅವರ ಹೆಸರು ಊದಿನಕಡ್ಡಿ ಮಾವ. ಮನೆಯಲ್ಲಿ ಅತ್ತೆ ಮಾತ್ರ ನಗಲಿಲ್ಲ. "ಇಲ್ದಿರೋ ರೋಗನ ಬಾಯ್ತುಂಬ ಕರೀತಾರಾ?" ಎಂದು ಬೈದು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು.

ಮಾವ ಆಮೇಲೂ ವಾರಕ್ಕೊಮ್ಮೆಯಾದರೂ ಅಲ್ಲಿ ಹೋಗಿ ಕೂರುತ್ತಿದ್ದರು. ಮೊದಲ ದಿನಗಳಲ್ಲಿ ಅವರನ್ನು ಕಂಡರೆ ಹುಡುಗರು ಸಿಗರೇಟು ಹಿಂದಕ್ಕೆ ಮರೆಮಾಡುತ್ತಿದ್ದರು. ಬರಬರುತ್ತ ಪಕ್ಕದಲ್ಲೇ ನಿಂತು ಹಚ್ಚತೊಡಗಿದರು. ಕಡೆಗೆ ಒಬ್ಬ, "ಮಾವ, ಆ ಲೈಟರ್ ಸ್ವಲ್ಪ ಈ ಕಡೆ ಕೊಡು ಗುರು" ಎಂದನಂತೆ. ಅದನ್ನು ಹೇಳುವಾಗ ಮಾವ ನಕ್ಕರೂ ದನಿಯಲ್ಲಿ ಸ್ವಲ್ಪ ಬೇಜಾರಿತ್ತು.

"ನಾನೇ ಎದುರ್ಗೆ ಕೂತ್ರೂ ಹೆದ್ರಲ್ಲ ಮಗಾ. ಒಂದ್ ತಿಂಗ್ಳು ನೋಡಿದ್ರೆ ದೆವ್ವಾನೂ ನೆಂಟನಾಗ್ಬಿಡ್ತದೆ. ಇನ್ನು ಆ ಚಿತ್ರ ಏನ್ ಮಾಡ್ತದೆ ಪಾಪ."

ಆ ಮಾತು ನಿಜವೆಂದೇ ನನಗೂ ಅನ್ನಿಸಿತ್ತು. ಆದರೆ ನಮ್ಮ ಮನೆಯಲ್ಲಿ ನಡೆದದ್ದು ಬೇರೆ. ನನ್ನ ಗಂಡನಿಗೆ ಗಡ್ಡೆಯ ಭಯ ಯಾವತ್ತೂ ಇರಲಿಲ್ಲ, ಅವರು ಅದನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ಕದ್ದು ಸೇದುವ ಸುಖ ಮಾತ್ರ ಹೋಗಿಬಿಟ್ಟಿತ್ತು. ಮಾವನಿಗೆ ಗೊತ್ತು, ಮಾವ ಬೈಯಲಿಲ್ಲ, ಆ ಮಾವ ಪ್ಯಾಕಿನ ಮೇಲೆ ಕೂತು ನೋಡುತ್ತಲೇ ಇದ್ದಾರೆ. ತೆಗೆಯುವುದು, ನೋಡುವುದು, ಒಳಗಿಡುವುದು. ದಿನಕ್ಕೊಂದು ಪ್ಯಾಕು ಹೋಗಿ ವಾರಕ್ಕೊಂದಾಯಿತು. ಬಾಯಿಗೆ ಕೆಲಸ ಬೇಕೆಂದು ಹುರಿಗಡಲೆ ತಿನ್ನಲು ಶುರುಮಾಡಿದರು. ಸಿಡುಕು ಬೇರೆ ಹೆಚ್ಚಿತು. ಸಾರಿಗೆ ಉಪ್ಪು ಹೆಚ್ಚು, ಫ್ಯಾನಿಗೆ ಸದ್ದು ಹೆಚ್ಚು. ಮಗಳು, "ಅಮ್ಮಾ, ಅಪ್ಪಂಗೆ ಒಂದು ಸೇದಕ್ಕೆ ಹೇಳು, ಮನೇಲಿ ಇರಕ್ಕಾಗ್ತಿಲ್ಲ" ಎಂದು ಪಿಸುಗುಟ್ಟಿದಳು.

ಅಷ್ಟರಲ್ಲಿ ಪ್ಯಾಕಿನ ಚಿತ್ರ ಬದಲಾಯಿತು. ಮಾವ ಹೋಗಿ ಬೇರೆ ಯಾರೋ ಬಂದರು. ನಮ್ಮ ಮನೆಯವರು ಹೊಸ ಪ್ಯಾಕು ತಂದು, "ಇವ್ನು ನಮಗೆ ಸಂಬಂಧದಲ್ಲಿ ಏನೂ ಆಗಲ್ಲ ಬಿಡು" ಎಂದು ಖುಷಿಯಿಂದ ಜಗುಲಿಯಲ್ಲಿ ಕೂತು ಹಚ್ಚಿದರು. ಮತ್ತೆ ಶುರುವಾಯಿತು ಎಂದುಕೊಂಡೆ ನಾನು. ಅರ್ಧ ಸೇದುವಷ್ಟರಲ್ಲಿ ಕೆಮ್ಮು ಹಿಡಿಯಿತು. "ಥೂ, ಇದನ್ನ ಹೆಂಗ್ ಸೇದ್ತಿದ್ನೇ ನಾನು?" ಎಂದು ಬಿಸಾಡಿದರು. ಒಂದೇ ಸಲಕ್ಕೆ ಮುಗಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ದ್ರಾಕ್ಷಿ ಕಟಾವಿನ ಗಲಾಟೆಯಲ್ಲಿ ಒಂದು ವಾರ ಮತ್ತೆ ಸೇದಿದರು, ಮತ್ತೆ ಬಿಟ್ಟರು. ಈಗ ಸೇದದೆ ಎರಡು ಕಟಾವು ದಾಟಿದೆ.

ಮಾವನಿಗೂ ಚಿತ್ರ ಹೋದದ್ದು ತಿಳಿಯಿತು. ಕೊಪ್ಪಳದ ಹುಡುಗನೇ ಫೋನು ಮಾಡಿ ಹೇಳಿದನಂತೆ. ಸಿಗರೇಟು ವಾಪಸ್ಸು ಕೊಟ್ಟನಲ್ಲ, ಅವನು ಮುಂದೆಯೂ ಮುಟ್ಟಲಿಲ್ಲ. ಊದಿನಕಡ್ಡಿಗೆ ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ. ಅವನ ಅಪ್ಪ ಬೀಡಿ ಸೇದಿ ಸೇದಿ ಉಸಿರು ಕಟ್ಟಿ ಹೋಗಿದ್ದರೆಂದು ಎಷ್ಟೋ ತಿಂಗಳ ಮೇಲೆ ಮಾವನಿಗೆ ಹೇಳಿಕೊಂಡಿದ್ದ.

ಈ ವರ್ಷ ಅವನ ಮದುವೆ. ಹಿರಿಯರ ಸ್ಥಾನದಲ್ಲಿ ನೀವೇ ಬಂದು ನಿಲ್ಲಬೇಕು ಎಂದು ಮನೆಗೇ ಬಂದು ಕರೆದು ಹೋದ. ಅಷ್ಟು ದೂರ ಯಾಕೆ ಎಂದು ಗೊಣಗಿದ ಅತ್ತೆಯೇ ಮೊದಲು ರೇಷ್ಮೆ ಸೀರೆ ತೆಗೆದಿಟ್ಟರು. ಮದುವೆಯ ಮಧ್ಯಾಹ್ನ ಮಾವ ಅಲ್ಲಿಂದ ನನಗೆ ಫೋನು ಮಾಡಿದರು. ಹಿಂದೆ ಡೊಳ್ಳಿನ ಸದ್ದು.

"ಮಗಾ, ಊಟ ಭರ್ಜರಿ. ರೊಟ್ಟಿ ಮಾತ್ರ ಹಪ್ಪಳ ಇದ್ದಂಗೈತೆ, ನನ್ ಹಲ್ಲು ಸಾಲ್ತಿಲ್ಲ. ನಿಮ್ಮತ್ತೆ ನಾಲ್ಕು ತಿಂದ್ಲು!"